ಚೀಸ್ ಕರಗಬೇಕಾದ್ದು ಕಾವಲಿಯಲ್ಲಿ

ಅಮೆರಿಕದ ಫಿಲಡೆಲ್ಫಿಯಾ ನಗರದ ದಕ್ಷಿಣ ಭಾಗದಲ್ಲಿ ಪ್ಯಾಟ್ ಒಲಿವಿಯೆರಿ ಎಂಬ ಹಾಟ್‌ಡಾಗ್ ವ್ಯಾಪಾರಿಯಿದ್ದ. 1930ರಲ್ಲಿ ಒಂದು ದಿನ, ಮಾರುವ ತಿಂಡಿಯನ್ನೇ ತಿಂದು ತಿಂದು ಬೇಸತ್ತು, ಬೀಫ್ ತರಿಸಿ ಈರುಳ್ಳಿಯೊಂದಿಗೆ ಹುರಿದು ಬನ್ನಿಗೆ ತುಂಬಿಕೊಂಡನಂತೆ. ಘಮಕ್ಕೆ ನಿಂತ ಟ್ಯಾಕ್ಸಿ ಚಾಲಕ ತನಗೂ ಒಂದು ಬೇಕೆಂದ. ಆ ಊರಿನವರು ಹೇಳುವ ಕತೆ ಇದು. ಚೀಸ್ ಬಂದು ಸೇರಿ ಅದು ಚೀಸ್‌ಸ್ಟೇಕ್ ಆದದ್ದು ಎಷ್ಟೋ ವರ್ಷಗಳ ಮೇಲೆ. ಈಗ ಚೀಸ್ ವಿಷಯದಲ್ಲಿ ಅಲ್ಲಿನವರು ಎಷ್ಟು ಹಟಮಾರಿಗಳೆಂದರೆ, 2003ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಮತ ಕೇಳಲು ಬಂದ ಜಾನ್ ಕೆರಿ ‘ಸ್ವಿಸ್ ಚೀಸ್ ಹಾಕಿ’ ಎಂದು ನಗೆಪಾಟಲಿಗೀಡಾದರು.

ಮನೆಯಲ್ಲಿ ಈ ಚೀಸ್‌ಸ್ಟೇಕ್ ಮಾಡುವವರು ಎಡವುವುದು ಸಾಮಾನ್ಯವಾಗಿ ಕತ್ತರಿಸುವಲ್ಲಿ. ಒಳಗೆ ಕೊಬ್ಬಿನ ಎಳೆಗಳಿರುವ ರಿಬ್‌ಐ ತುಂಡೇ ಆಗಬೇಕು. ಅದನ್ನು ಮುಕ್ಕಾಲು ಗಂಟೆ ಫ್ರೀಜರಿನಲ್ಲಿಟ್ಟರೆ ಬಿಗಿಯುತ್ತದೆ; ಆಗ ಮಾಂಸದ ಎಳೆಗೆ ಅಡ್ಡಲಾಗಿ, ಕಾಗದದಷ್ಟು ತೆಳ್ಳಗೆ ಕೊಯ್ಯಬಹುದು. ಮೆತ್ತಗಿರುವಾಗ ಚಾಕು ಜಾರುತ್ತದೆ, ತುಂಡು ದಪ್ಪವಾಗುತ್ತದೆ, ತಿನ್ನುವಾಗ ಕಚ್ಚಿದರೆ ಇಡೀ ಮಾಂಸವೇ ಬನ್ನಿನಿಂದ ಹೊರಗೆ ಬರುತ್ತದೆ.

ಬೀಡಿನ ಕಾವಲಿಯಿದ್ದರೆ ಒಳ್ಳೆಯದು. ಮೊದಲು ಈರುಳ್ಳಿಯನ್ನು ಕೆಂಪಗೆ ಹುರಿದು ಬದಿಗೆ ಸರಿಸಿ. ಉರಿ ಜೋರು ಮಾಡಿ, ಮಾಂಸವನ್ನು ಸ್ವಲ್ಪ ಸ್ವಲ್ಪವೇ ಹರಡಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಾವಲಿ ತಣಿದು ಮಾಂಸ ನೀರು ಬಿಡುತ್ತದೆ, ಹುರಿಯುವ ಬದಲು ಬೇಯುತ್ತದೆ. ಉಪ್ಪು, ಕಾಳುಮೆಣಸು ಸಾಕು. ಮಸಾಲೆ ಹಾಕಲು ಕೈ ತುರಿಸಿದರೂ ತಡೆದುಕೊಳ್ಳಿ.

ಇನ್ನು ಚೀಸ್. ಪ್ರೊವೊಲೋನ್‌ಗೆ ರುಚಿ ಹೆಚ್ಚು. ಆದರೆ ನನ್ನ ಮತ ಅಗ್ಗದ ಅಮೆರಿಕನ್ ಚೀಸಿಗೇ. ಅದರಲ್ಲಿ ಸೋಡಿಯಂ ಸಿಟ್ರೇಟಿನಂಥ ಲವಣಗಳಿರುವುದರಿಂದ ಕಾವಿಗೆ ಕೊಬ್ಬು ಬೇರೆ, ಗಟ್ಟಿ ಬೇರೆ ಎಂದು ಒಡೆಯದೆ ನುಣ್ಣಗೆ ಹರಿದು ಮಾಂಸದ ಸಂದುಗಳಿಗೆ ಇಳಿಯುತ್ತದೆ. ಅದಕ್ಕೇ ಹಾಳೆಗಳನ್ನು ಬನ್ನಿಗೆ ಹಾಕಬಾರದು. ಕಾವಲಿಯಲ್ಲಿ ಈರುಳ್ಳಿ, ಮಾಂಸ ಬೆರೆಸಿ ಉದ್ದಕ್ಕೆ ರಾಶಿ ಮಾಡಿ, ಮೇಲೆ ಚೀಸ್ ಹೊದಿಸಿ. ಅರ್ಧ ನಿಮಿಷದಲ್ಲಿ ಕರಗುತ್ತದೆ. ಸೀಳಿದ ಉದ್ದ ಬನ್ನನ್ನು ಅದರ ಮೇಲೆ ಬೋರಲು ಇಟ್ಟು, ಅಡಿಯಿಂದ ಅಗಲವಾದ ದೋಸೆ ಸಟ್ಟುಗ ತೂರಿಸಿ, ಒಂದೇ ಏಟಿಗೆ ಮಗುಚಿ. ಬನ್ ಒಳಗೆ ಮೆತ್ತಗಿರಲಿ; ಗಟ್ಟಿ ಸಿಪ್ಪೆಯ ಬ್ರೆಡ್ ಕಚ್ಚಿದೊಡನೆ ಒಳಗಿನದೆಲ್ಲ ಹಿಂದಿನಿಂದ ಜಾರುತ್ತದೆ.

ದೊಣ್ಣೆಮೆಣಸಿನಕಾಯಿ ಹಾಕುವವರೂ ಉಂಟು. ನೋಡಿದರೆ ಅಪ್ಪಟ ಫಿಲಡೆಲ್ಫಿಯಾದವರು ಮೂಗು ಮುರಿದಾರು. ನಿಮ್ಮ ಮನೆ, ನಿಮ್ಮ ಕಾವಲಿ, ಹಾಕಿಕೊಳ್ಳಿ.