ಅಜ್ಜನ ಕೋವಿಯ ಹಾವಿನ ಹುರಿ

ಶಿಕಾರಿಪುರದ ಹೆಸರಿನಲ್ಲಿಯೇ ಬೇಟೆಯ ನೆನಪು ಅಡಗಿದೆ. ಹೈದರ್, ಟಿಪ್ಪುವಿನ ಕಾಲದಲ್ಲಿ ಇಲ್ಲಿನ ಕಾಡುಮೃಗಗಳ ಸಮೃದ್ಧಿಯಿಂದಾಗಿ ಊರಿಗೆ ಆ ಹೆಸರು ಬಂದಿತೆಂದು ಪ್ರತೀತಿ. ಬೇಟೆಯ ಆ ದಿನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ತೆರೆಯೆಳೆಯಿತು. ಆದರೆ ಕೋವಿ ಮನೆ ಬಿಟ್ಟು ಹೋಗಲಿಲ್ಲ. ಶಿಕಾರಿಪುರ, ಸೊರಬ ಸೀಮೆಯ ಗದ್ದೆಗಳಿಗೂ ಅಡಿಕೆ ತೋಟಗಳಿಗೂ ಹಂದಿ, ಮಂಗಗಳ ಕಾಟ ತಪ್ಪಿದ್ದಲ್ಲ. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಮಲೆನಾಡಿನಲ್ಲಿ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ಆಸ್ತಿ.

ಇಂತಹ ಹಳೆಯ ಜೋಡುನಳಿಗೆಯ ಕೋವಿಗಳಲ್ಲಿ ಕೆಲವನ್ನು ಬೆಳಕಿಗೆ ಹಿಡಿದರೆ ನಳಿಗೆಯ ಮೇಲೆ ಹಾವಿನ ಮೈಯಂತಹ ಸುರುಳಿ ಚಿತ್ತಾರ ಕಾಣುತ್ತದೆ. ಅದೇ ಡಮಾಸ್ಕಸ್ ನಳಿಗೆ. ನೋಡಲು ಬಲು ಅಂದ. ಹಾರಿಸುವವನಿಗೆ ಮಾತ್ರ ಅದು ಎಚ್ಚರಿಕೆಯ ಗುರುತು.

ಹೆಣೆದ ನಳಿಗೆ

ಹೆಸರು ಡಮಾಸ್ಕಸ್ ಆದರೂ ಇವು ಆ ನಗರದ ಸೃಷ್ಟಿಯಲ್ಲ. ಹೆಚ್ಚಿನವು ಬೆಲ್ಜಿಯಮ್ಮಿನ ಲಿಯೇಜ್ ಮತ್ತು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಮ್ಮಟಗಳಿಂದ ಬಂದವು. ಕಬ್ಬಿಣ ಹಾಗೂ ಉಕ್ಕಿನ ಸರಳುಗಳನ್ನು ಒಟ್ಟಿಗೆ ಕಾಯಿಸಿ, ಹಗ್ಗದಂತೆ ಹುರಿಮಾಡಿ, ಪಟ್ಟಿಯಾಗಿ ಬಡಿದು, ಕಂಬಿಯ ಸುತ್ತ ಸುತ್ತಿ, ಸುತ್ತು ಸುತ್ತನ್ನೂ ಬೆಸೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ಒಂದೇ ಗಟ್ಟಿಯಿಂದ ಕೊರೆದ ಉಕ್ಕಿನ ನಳಿಗೆಗಳು ಬಂದ ಮೇಲೆ ಈ ಕುಶಲ ಕಸುಬು ಮೊದಲ ಮಹಾಯುದ್ಧದ ಹೊತ್ತಿಗೆ ಬಹುಮಟ್ಟಿಗೆ ಅಳಿಯಿತು.

ಹೊಸದಾಗಿದ್ದಾಗ ಒಳ್ಳೆಯ ಡಮಾಸ್ಕಸ್ ನಳಿಗೆ ದುರ್ಬಲವಾಗಿರಲಿಲ್ಲ. ಅಪಾಯವನ್ನು ತಂದದ್ದು ವಯಸ್ಸು. ನಳಿಗೆಯಲ್ಲಿರುವುದು ನೂರಾರು ಬೆಸುಗೆಗಳು. ಅವುಗಳ ಸಂದಿಯಲ್ಲಿ ಉಳಿದ ಕಿಟ್ಟ ಕಣ್ಣಿಗೆ ಕಾಣದು. ಕರಿಮದ್ದಿನ ಮಸಿ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೊಳೆಯದೆ ಇಟ್ಟ ನಳಿಗೆಯೊಳಗೆ ತುಕ್ಕು ಆ ಸಂದಿಗಳನ್ನೇ ಹಿಡಿದು ಒಳಹೊಗುತ್ತದೆ.

ಹಳೆಯ ನಳಿಗೆ, ಹೊಸ ಮದ್ದು

ಕರಿಮದ್ದಿನ ಒತ್ತಡ ನಳಿಗೆಯ ಬುಡದಲ್ಲಿ, ಲೋಹ ದಪ್ಪವಾಗಿರುವಲ್ಲಿ, ಏರಿ ಬೇಗ ಇಳಿಯುತ್ತದೆ. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡ ಇನ್ನೂ ಮುಂದಕ್ಕೆ, ಲೋಹ ತೆಳುವಾಗಿರುವಲ್ಲಿಗೂ ಮುಟ್ಟುತ್ತದೆ. ನಳಿಗೆ ಒಡೆದರೆ ಮೊದಲು ಹೋಗುವುದು ಅದನ್ನು ಹಿಡಿದಿರುವ ಎಡಗೈಯ ಬೆರಳುಗಳು. ಇನ್ನೊಂದು ತೊಡಕೂ ಉಂಟು. ಹಳೆಯ ಕೋವಿಯ ತೋಟೆಮನೆ ಹಲವು ವೇಳೆ ಎರಡೂವರೆ ಅಂಗುಲದ್ದು. ಇಂದಿನ ತೋಟೆ ಎರಡೂಮುಕ್ಕಾಲು ಅಂಗುಲದ್ದು. ಅದು ಒಳಗೆ ಕೂರುತ್ತದೆ, ಆದರೆ ಹಾರುವಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ಒತ್ತಡ ಹೆಚ್ಚುತ್ತದೆ.

ಕೇಪಿನ ಕೋವಿಗೆ ಹೊಗೆಯಿಲ್ಲದ ಮದ್ದನ್ನು ಎಂದಿಗೂ ತುಂಬಲಾಗದು. ಜೋಡುನಳಿಗೆಯದಾದರೆ ಒಂದನ್ನು ಹಾರಿಸಿದ ಧಕ್ಕೆಗೆ ಇನ್ನೊಂದರ ಗುಂಡು ಮುಂದೆ ಸರಿದು ಮದ್ದಿಗೂ ಗುಂಡಿಗೂ ನಡುವೆ ತೆರಪು ಬೀಳಬಹುದು. ಅದೂ ನಳಿಗೆಯನ್ನು ಸಿಡಿಸಬಲ್ಲದು.

ಪರೀಕ್ಷೆ

ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಉಂಗುರದಂತಹ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಕಪ್ಪು ಚುಕ್ಕೆಗಳು ಕಂಡರೆ ತುಕ್ಕು ತಿಂದಿದೆ. ಕಡಜ ಕಟ್ಟಿದ ಮಣ್ಣಿನ ಗೂಡೂ ಒಳಗಿರಬಹುದು. ಬುಡದ ಕೆಳಗಿನ ಮುದ್ರೆಗಳು ಕೋವಿಯ ಜಾತಕವಿದ್ದಂತೆ. ಬ್ರಿಟಿಷ್ ಪರೀಕ್ಷಾಲಯಗಳು ಹೊಗೆಯಿಲ್ಲದ ಮದ್ದಿಗೆ ಪ್ರತ್ಯೇಕ ಮುದ್ರೆಯನ್ನು ತಂದದ್ದು 1896ರಲ್ಲಿ. ಆ ಮುದ್ರೆಯಿಲ್ಲದ ಕೋವಿ ಕರಿಮದ್ದಿಗೆ ಮಾತ್ರ ಎಂದು ತಿಳಿಯಬೇಕು. ಮುದ್ರೆಯಿದ್ದರೂ ಅದು ಹೇಳುವುದು ಅಂದಿನ ಸ್ಥಿತಿಯನ್ನೇ ಹೊರತು ಇಂದಿನದನ್ನಲ್ಲ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿ ಮರಳಿ ತಂದ ಕೋವಿಯನ್ನೂ ಹೀಗೆ ನೋಡದೆ ತುಂಬಬಾರದು.

ಕಣ್ಣಿನ ಪರೀಕ್ಷೆ ಕೋವಿಯನ್ನು ತಿರಸ್ಕರಿಸಲು ಸಾಕು, ಒಪ್ಪಲು ಸಾಲದು. ನಳಿಗೆಯ ಗೋಡೆಯ ದಪ್ಪವನ್ನು ಅಳೆದು ಹೇಳಬಲ್ಲವನು ಪರವಾನಗಿಯುಳ್ಳ ಕೋವಿ ಕುಶಲಕರ್ಮಿ. ಅವನ ಒಪ್ಪಿಗೆ ದೊರೆಯದ ಕೋವಿಯನ್ನು ಕಾನೂನಿನ ಕ್ರಮದಲ್ಲಿ ಮನೆತನದ ಗುರುತಾಗಿ ಉಳಿಸಿಕೊಳ್ಳಬಹುದು. ಹಂದಿಯನ್ನು ಬೆದರಿಸಲು ತಮಟೆಯೂ ಆದೀತು. ಹೋದ ಬೆರಳು ಮರಳಿ ಬಾರದು.