ಒಂದು ಮುಖ, ಎರಡು ಸಾವಿರ ಕಂಠ

ನಾಲ್ಕು ಸುವಾರ್ತೆಗಳಲ್ಲಿ ಸುಮಾರು 3,780 ವಚನಗಳಿವೆ. ಯೇಸು ಎತ್ತರದ ಆಳೇ, ಮೈಬಣ್ಣ ಯಾವುದು, ಕಣ್ಣು ಹೇಗಿದ್ದವು, ಗಡ್ಡವಿತ್ತೇ ಎಂದು ಹೇಳುವ ವಚನ ಅವುಗಳಲ್ಲಿ ಒಂದೂ ಇಲ್ಲ. ಚಿತ್ರರಂಗದವರ ಕೈಗೆ ಸಿಕ್ಕ ಮೂಲಸಾಮಗ್ರಿ ಅಷ್ಟು: ಮಾತು ರಾಶಿ ರಾಶಿ, ಮುಖ ಮಾತ್ರ ಸೊನ್ನೆ.

ಆ ಮುಖ ತೋರಿಸಬಹುದೇ ಎಂಬುದೇ ಮೊದಮೊದಲು ದೊಡ್ಡ ತಕರಾರು. 1913ರಲ್ಲಿ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಕೆಲಸ ಶುರುಮಾಡಿದಾಗ ಅದರ ಬಳಿ ಇದ್ದ ಖಡಾಖಂಡಿತ ನಿಯಮಗಳು ಎರಡೇ. ನಗ್ನತೆ ಕೂಡದು, ಕ್ರಿಸ್ತನ ಪಾತ್ರವನ್ನು ಯಾರೂ ಮಾಡಕೂಡದು. ಅತ್ತ ಹಾಲಿವುಡ್ಡಿಗೆ ಅಂಥ ಅಂಜಿಕೆ ಇರಲಿಲ್ಲ. 1927ರಲ್ಲಿ ಸೆಸಿಲ್ ಬಿ. ಡಿಮಿಲ್ ತೆಗೆದ ‘ದಿ ಕಿಂಗ್ ಆಫ್ ಕಿಂಗ್ಸ್’ನಲ್ಲಿ ಯೇಸುವಾದ ಎಚ್. ಬಿ. ವಾರ್ನರ್ ಆಗಲೇ ಐವತ್ತು ದಾಟಿದ್ದರು. 1964ರಲ್ಲಿ ಪಾಸೊಲಿನಿ ಮತ್ತಾಯನ ಸುವಾರ್ತೆಯನ್ನು ಚಿತ್ರ ಮಾಡಿದಾಗ ಆರಿಸಿಕೊಂಡದ್ದು 19ರ ಹರೆಯದ ಒಬ್ಬ ಸ್ಪೇನಿನ ವಿದ್ಯಾರ್ಥಿಯನ್ನು. ಯೇಸು ಬೋಧನೆ ಆರಂಭಿಸಿದಾಗ ವಯಸ್ಸು ಸುಮಾರು ಮೂವತ್ತು ಎಂದು ಲೂಕ ಬರೆದಿದ್ದಾನೆ.

ಇವೆರಡರ ನಡುವೆ, 1959ರಲ್ಲಿ ಬಂದ ‘ಬೆನ್-ಹರ್’ ನನಗೆ ಇಂದಿಗೂ ಬೆರಗು. ಮೂರೂವರೆ ಗಂಟೆಯ ಚಿತ್ರ, 11 ಆಸ್ಕರ್. ಅದರಲ್ಲಿ ಯೇಸುವಿನ ಮುಖ ಕಾಣುವುದು ಒಂದು ಸೆಕೆಂಡೂ ಇಲ್ಲ. ನಜರೇತಿನಲ್ಲಿ ಸರಪಳಿ ಬಿಗಿದ ಕೈದಿ ಬಾಯಾರಿ ನೆಲಕ್ಕೆ ಬೀಳುತ್ತಾನೆ. ಅವನಿಗೆ ನೀರು ಕೊಡಬೇಡಿ ಎಂದು ರೋಮನ್ ಅಧಿಕಾರಿ ಗದರುತ್ತಾನೆ. ಆದರೂ ಯಾರದೋ ಕೈ ಬಂದು ನೀರು ಕುಡಿಸುತ್ತದೆ. ಅಧಿಕಾರಿ ಚಾವಟಿ ಹಿಡಿದು ಮುನ್ನುಗ್ಗಿದಾಗ ನೀರು ಕುಡಿಸಿದಾತ ಎದ್ದು ನಿಲ್ಲುತ್ತಾನೆ. ನಮಗೆ ಕಾಣುವುದು ಬೆನ್ನು ಮಾತ್ರ. ಕ್ಯಾಮೆರಾ ನೆಟ್ಟಿರುವುದು ಅಧಿಕಾರಿಯ ಮೇಲೆ. ಅವನ ಸಿಟ್ಟು ಇಳಿಯುತ್ತದೆ, ಗೊಂದಲ ಮೂಡುತ್ತದೆ, ದಿಟ್ಟಿಸಲಾರದೆ ಹಿಂದೆ ಸರಿಯುತ್ತಾನೆ. ಎದುರಿದ್ದ ಮುಖ ಎಂಥದ್ದೆಂದು ಅದಕ್ಕಿಂತ ಚೆನ್ನಾಗಿ ಯಾವ ಮೇಕಪ್ಪೂ ಹೇಳಿಲ್ಲ.

ಮೆಲ್ ಗಿಬ್ಸನ್ ಹಿಡಿದದ್ದು ಇದಕ್ಕೆ ಪೂರ್ತಿ ವಿರುದ್ಧ ದಾರಿ. ಪಿಲಾತನು ಯೇಸುವಿಗೆ ಕೊರಡೆಗಳಿಂದ ಹೊಡೆಸಿದ ಸಂಗತಿಯನ್ನು ಯೋಹಾನ ಒಂದೇ ವಚನದಲ್ಲಿ ಮುಗಿಸುತ್ತಾನೆ. 2004ರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ನಲ್ಲಿ ಅದು ಹತ್ತು ನಿಮಿಷದಷ್ಟು ಎಳೆಯುತ್ತದೆ. ನಟ ಜಿಮ್ ಕ್ಯಾವೀಜಲ್ ಅವರ ನೀಲಿ ಕಣ್ಣುಗಳನ್ನು ಕಂಪ್ಯೂಟರಿನಲ್ಲಿ ಕಂದು ಮಾಡಿದರು. ಸುಮಾರು 3 ಕೋಟಿ ಡಾಲರ್ ಹಾಕಿದ ಚಿತ್ರ 61 ಕೋಟಿ ಡಾಲರ್ ಗಳಿಸಿತು. ಆ ನೋವನ್ನು ನಂಬಿಸುವುದರಲ್ಲಿ ಗಿಬ್ಸನ್ ಗೆದ್ದರು. ಆದರೆ ಜನರ ನಡುವೆ ಕೂತು ಸಾಮತಿ ಹೇಳಿದ ಯೇಸು ಆ ಚಿತ್ರದಲ್ಲಿ ಕಾಣುವುದು ಕ್ಷಣಮಾತ್ರ. ನನಗೆ ಅದು ನಷ್ಟವೇ.

ಗಳಿಕೆಯ ಲೆಕ್ಕಕ್ಕೆ ಸಿಗದ ಇನ್ನೊಂದು ಚಿತ್ರವಿದೆ. ಹೆಸರು ‘ಜೀಸಸ್’, ವರ್ಷ 1979. ನಿರ್ಮಾಪಕ ಜಾನ್ ಹೇಮನ್. ಹಿಂದೆ ನಿಂತದ್ದು ಬಿಲ್ ಬ್ರೈಟ್ ಅವರ ಕ್ಯಾಂಪಸ್ ಕ್ರುಸೇಡ್ ಸಂಸ್ಥೆ. ಚಿತ್ರೀಕರಣ ಇಸ್ರೇಲಿನಲ್ಲಿ, ಚಿತ್ರಕಥೆಗೆ ಆಧಾರ ಲೂಕನ ಸುವಾರ್ತೆಯೊಂದೇ. ಸುತ್ತಲಿನ ಪಾತ್ರಗಳಲ್ಲಿ ಬಹುಪಾಲು ಅಲ್ಲಿಯವರೇ. ಯೇಸು ಮಾತ್ರ ಮೂವತ್ತರ ಹೊಸ್ತಿಲಲ್ಲಿದ್ದ ಬ್ರಿಟಿಷ್ ನಟ ಬ್ರಯಾನ್ ಡೀಕನ್. ಕ್ರಿಸ್ತನ ಪಾತ್ರ ಮಾಡಕೂಡದೆಂದು ನಿಯಮ ಹಾಕಿದ್ದ ನಾಡಿನವನೇ.

ಈ ಚಿತ್ರ ಇಂದು 2,000ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಜಗತ್ತಿನ ಭಾಷೆಗಳು ಏಳು ಸಾವಿರದ ಆಸುಪಾಸು ಎಂದರೆ ಕಾಲುಭಾಗಕ್ಕೂ ಮೀರಿತು. ಇಡೀ ಬೈಬಲ್ಲೇ ಇನ್ನೂ ಇಷ್ಟು ಭಾಷೆಗಳಿಗೆ ಹೋಗಿಲ್ಲ. ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವುದು 22 ಭಾಷೆ. ಅದರ ತೊಂಬತ್ತು ಪಟ್ಟು ಇದು. ಸುಮಾರು ಎರಡು ಗಂಟೆಯ ಚಿತ್ರವನ್ನು ಎಲ್ಲ ಭಾಷೆಗಳಲ್ಲೂ ಒಂದಾದ ಮೇಲೊಂದು ನೋಡಲು ಕೂತರೆ, ಹಗಲು ರಾತ್ರಿ ನಿದ್ದೆಗೆಟ್ಟರೂ ಐದೂವರೆ ತಿಂಗಳು ಬೇಕು. ಆ ಸಾಲಿನಲ್ಲಿ ಕನ್ನಡವೂ ಇದೆ.

ಪ್ರತಿ ಭಾಷೆಗೂ ಯೇಸುವಿಗೆ ಕಂಠದಾನ ಮಾಡಲು ಒಬ್ಬ ಬೇಕು. ಪೇತ್ರ, ಮರಿಯ, ಪಿಲಾತ, ಕಳ್ಳರು, ನಿರೂಪಕ ಎಲ್ಲರಿಗೂ ಬೇಕು. ಲಿಪಿಯೇ ಇಲ್ಲದ ಭಾಷೆಯಾದರೆ, ಓದುಬರಹ ಬಾರದವರಿಗೆ ಸಾಲು ಸಾಲಾಗಿ ಕಿವಿಗೆ ಹೇಳಿಕೊಟ್ಟು ಮಾತಾಡಿಸಬೇಕು. ಶಿಲುಬೆಯ ಮೇಲಿನ ಕ್ಷಮೆಯ ಮಾತು ಯಾವ ನುಡಿಯಲ್ಲಿ ಎಷ್ಟು ಉದ್ದವಾದರೂ ಡೀಕನ್‌ರ ತುಟಿ ತೆರೆದು ಮುಚ್ಚುವಷ್ಟರಲ್ಲಿ ಮುಗಿಯಲೇಬೇಕು.

ಇಷ್ಟೆಲ್ಲ ಜನರ ಮನಸ್ಸಿನಲ್ಲಿ ಒಬ್ಬನೇ ಬಿಳಿಯ ನಟನ ಮುಖ ಅಚ್ಚೊತ್ತಿ ನಿಲ್ಲುವುದು ನನಗೆ ಸಮಾಧಾನದ ಸಂಗತಿಯಲ್ಲ. ಸುವಾರ್ತೆ ಬರೆದವರು ಖಾಲಿ ಬಿಟ್ಟ ಜಾಗವದು. ಆದರೂ ಈ ಚಿತ್ರದ ಬಲವಿರುವುದು ಮುಖದಲ್ಲಲ್ಲ, ದನಿಯಲ್ಲಿ ಎಂದೇ ನನ್ನ ನಂಬಿಕೆ. ಅದರ 2,000ನೇ ಭಾಷೆ ವಾವೊರಾನಿ. ಈಕ್ವೆಡಾರಿನ ಅಮೆಜಾನ್ ಕಾಡಿನಲ್ಲಿ ಅದನ್ನಾಡುವವರು ಕೆಲವೇ ಸಾವಿರ ಮಂದಿ. 1956ರಲ್ಲಿ ಐವರು ಅಮೆರಿಕನ್ ಮಿಷನರಿಗಳು ಸತ್ತದ್ದು ಅದೇ ಜನರ ಈಟಿಗಳಿಗೆ. ನಮ್ಮಲ್ಲಿನ ಒಂದು ದೊಡ್ಡ ಹಳ್ಳಿಯಷ್ಟಿರುವ ಆ ಜನರಿಗಾಗಿಯೂ ಪೇತ್ರನಿಂದ ಪಿಲಾತನವರೆಗೆ ಒಬ್ಬೊಬ್ಬರ ಮಾತನ್ನೂ ಹೊಸದಾಗಿ ಹೇಳಿಸಿ ಧ್ವನಿಮುದ್ರಿಸಿದ್ದಾರೆ.