ಅಧ್ಯಾಯ 4: ರಾತ್ರಿ ಕಟ್ಟುವ ಚಿಪ್ಪು

ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ ಸುಮಾರು 110 ಗ್ರಾಂ ಮೇವು ಬೇಕು. ಅದರಲ್ಲಿ ಪ್ರೋಟೀನ್ ಶೇ. 16–18 ಇರಬೇಕು. ನೀರು ಮೇವಿನ ಎರಡು ಪಟ್ಟು. ಹುಂಜ ಇಲ್ಲದಿದ್ದರೂ ಮೊಟ್ಟೆ ಬರುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಇಷ್ಟು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಎಡವುವುದು ಸುಣ್ಣದ, ಅಂದರೆ ಕ್ಯಾಲ್ಸಿಯಂನ ವಿಷಯದಲ್ಲಿ.

ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯನ್ನು ಯಲಹಂಕದ ಸುತ್ತಿನ ಹಿತ್ತಿಲುಗಳಲ್ಲಿ ಸಾಕುವವರು ಕೇಳುವುದುಂಟು: ‘ದಿನಾ ರಾಗಿ ಹಾಕ್ತೀವಿ, ರಾಗೀಲಿ ಕ್ಯಾಲ್ಸಿಯಂ ಇದೆಯಲ್ಲ ಸಾರ್, ಆದ್ರೂ ತೊಗಲು ಮೊಟ್ಟೆ ಯಾಕೆ?’ ತೊಗಲು ಮೊಟ್ಟೆ ಎಂದರೆ ಗಟ್ಟಿ ಚಿಪ್ಪಿಲ್ಲದ ಮೊಟ್ಟೆ. ಲೆಕ್ಕ ಹಾಕೋಣ. 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮನುಷ್ಯರ ಧಾನ್ಯಗಳಲ್ಲಿ ಇದು ಬಹಳ ಹೆಚ್ಚು. ಆದರೆ ಒಂದೇ ಒಂದು ಮೊಟ್ಟೆಯ ಚಿಪ್ಪಿಗೆ 2 ಗ್ರಾಂ ಬೇಕು! ತಿಂದದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಅದಕ್ಕೇ ಮೊಟ್ಟೆ ಕೋಳಿಯ ಮೇವಾದ ಲೇಯರ್ ಫೀಡ್‌ನಲ್ಲಿ ಶೇ. 3.5–4 ಕ್ಯಾಲ್ಸಿಯಂ ಇರುತ್ತದೆ.

ಇನ್ನು ಹೊತ್ತಿನ ಪ್ರಶ್ನೆ. ಒಂದು ಮೊಟ್ಟೆ ತಯಾರಾಗಲು 24–26 ಗಂಟೆ ಬೇಕು, ಅದರಲ್ಲಿ 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಚಿಪ್ಪಿನ ಬಹುಪಾಲು ಕಟ್ಟುವುದು ರಾತ್ರಿ, ಕೋಳಿ ಏನೂ ತಿನ್ನದ ವೇಳೆಯಲ್ಲಿ. ಆಗ ಸುಣ್ಣ ಎಲ್ಲಿಂದ? ಮೊಟ್ಟೆ ಇಡುವ ಕಾಲ ಬಂದಾಗ ಹೇಂಟೆಯ ಕಾಲಿನ ಮೂಳೆಗಳ ಒಳಗೆ ಇನ್ನೊಂದು ಮೆದು ಮೂಳೆ ಬೆಳೆಯುತ್ತದೆ. ಅದು ಸುಣ್ಣದ ಉಗ್ರಾಣ. ರಾತ್ರಿ ಕರಗಿ ಚಿಪ್ಪಾಗುತ್ತದೆ, ಹಗಲು ಮತ್ತೆ ತುಂಬಿಕೊಳ್ಳುತ್ತದೆ. (ಹುಂಜಕ್ಕೆ ಈ ಏರ್ಪಾಡೇ ಇಲ್ಲ. ಪ್ರಕೃತಿಯ ಅಚ್ಚುಕಟ್ಟು ನೋಡಿ!) ತುಂಬದಿದ್ದರೆ ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಮೊಟ್ಟೆ ನಿಲ್ಲುತ್ತದೆ, ಕಾಲೂ ಸೋಲುತ್ತದೆ.

ಆದ್ದರಿಂದ ಸಂಜೆ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು ಅಥವಾ ಸುಣ್ಣದ ಕಲ್ಲಿನ ನುಚ್ಚು ಇಡಿ. ಪುಡಿ ಬೇಗ ಹೊರಗೆ ಹೋಗಿಬಿಡುತ್ತದೆ. ದಪ್ಪ ಚೂರು ಕಾಳು ಅರೆಯುವ ಹೊಟ್ಟೆಯಲ್ಲಿ ಕೂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟೇ ಹೆಕ್ಕಿಕೊಳ್ಳುತ್ತದೆ. ಮರಿಗಳಿಗೂ ಇನ್ನೂ ಮೊಟ್ಟೆ ಶುರುಮಾಡದ ಯಾಟೆಗಳಿಗೂ ಲೇಯರ್ ಫೀಡ್ ಬೇಡ, ಹೆಚ್ಚಾದ ಸುಣ್ಣ ಅವುಗಳ ಮೂತ್ರಪಿಂಡ ಕೆಡಿಸುತ್ತದೆ.

ಏಪ್ರಿಲ್ ಬಿಸಿಲಲ್ಲಿ ಸುಣ್ಣ ಕೊಟ್ಟರೂ ಚಿಪ್ಪು ತೆಳುವಾಗಬಹುದು. ಏದುವಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಇದಕ್ಕೆ ಮದ್ದು ನೆರಳು, ತಣ್ಣೀರು. ಡಿಸೆಂಬರ್‌ನಲ್ಲಿ ತೊಂದರೆ ಬೆಳಕಿನದು: ಬೆಂಗಳೂರಿನ ಹಗಲು ಆಗ 11 ಗಂಟೆ ಚಿಲ್ಲರೆ, ಹೇಂಟೆಗೆ ಬೇಕಾದದ್ದು 14–16. ಕೊರತೆಯನ್ನು ಬಲ್ಬು ತುಂಬಲಿ, ದಿನವೂ ಒಂದೇ ಹೊತ್ತಿಗೆ.

ಮೇವು, ಸುಣ್ಣ, ನೀರು, ಬೆಳಕು: ನಾಲ್ಕರಲ್ಲಿ ಯಾವುದು ತಪ್ಪಿದರೂ ಉಳಿದ ಮೂರರ ಖರ್ಚು ದಂಡ. ರಾಣಿಖೇತ್ ರೋಗದ ಲಸಿಕೆ, ಜಂತುಬಾಧೆ, ತಳಿಯ ಆಯ್ಕೆ ಈ ಪುಟಗಳಿಗೆ ಮೀರಿದ್ದು. ಕೇಂದ್ರ ಸರ್ಕಾರದ ಕೋಳಿ ಸಾಕಣೆ ತರಬೇತಿ ಸಂಸ್ಥೆ ಹೆಸರಘಟ್ಟದಲ್ಲೇ ಇದೆ, ಪಶುವೈದ್ಯಕೀಯ ಕಾಲೇಜು ಹೆಬ್ಬಾಳದಲ್ಲಿದೆ. ಹೇಂಟೆ ಕೊಳ್ಳುವ ಮೊದಲೇ ಅಲ್ಲಿಗೆ ಹೋಗಿ, ಕೇಳಿ, ಕಲಿಯಿರಿ.